ಕೋಚ್ ಹೋಗ್ತಾನಂತೆ

2016ರ ಮೇ ತಿಂಗಳ ಒಂದು ಸಂಜೆ. ವಿಜಯನಗರದ ಮಾರುತಿ ಮಂದಿರದ ಹತ್ತಿರದ ದರ್ಶಿನಿಯೊಂದರ ಮುಂದೆ ನಾಲ್ಕು ಜನ ನಿಂತಿದ್ದರು. ಎದೆಮಟ್ಟದ ಮೇಜು, ಬೈಟು ಕಾಫಿ. ಬಸವೇಶ್ವರನಗರದವನು ಫೋನನ್ನು ಜೇಬಿಗಿಳಿಸಿ, "ಹೋಗ್ತಾನಂತೆ ಕಣ್ರೋ" ಅಂದ. ಯಾರು ಅಂತ ಯಾರೂ ಕೇಳಲಿಲ್ಲ.

"ಎಲ್ಲಿಗಂತೆ?"

"ಗೋವಾ. ನೂರಕ್ಕೆ ನೂರು ಗೋವಾ."

"ಗೋವಾಗೆ ಯಾಕೋ ಹೋಗ್ತಾನೆ? ಹೋದ್ರೆ ಕೋಲ್ಕತ್ತಾನೇ," ಅಂದ ಕೆಂಗೇರಿಯವನು.

"ಮಸಾಲೆ ದೋಸೆ ಬೆಟ್ಟು. ಗೋವಾ ಆಗ್ಲಿಲ್ಲ ಅಂದ್ರೆ ನಾಲ್ಕು ಜನಕ್ಕೂ ನಾನೇ ಕೊಡಿಸ್ತೀನಿ."

ನಾಲ್ಕನೆಯವರು ರಾಜಾಜಿನಗರದ ಭಾವ. ಲೋಟದ ತಳದಲ್ಲಿ ಉಳಿದ ಸಕ್ಕರೆಯನ್ನು ಅಲ್ಲಾಡಿಸುತ್ತಾ ಸುಮ್ಮನೆ ನಕ್ಕರು. ಈ ನೆನಪು ಯಾರದೋ ಆ ಮೂರನೆಯವನು ಅತ್ತಿಗುಪ್ಪೆಯ ಹುಡುಗ, ಆಗ ಇಪ್ಪತ್ತಾರು ವರ್ಷ. ಅವನಿಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಕೋಚ್ ಆಶ್ಲಿ ವೆಸ್ಟ್‌ವುಡ್ ಬೆಂಗಳೂರು ಎಫ್‌ಸಿ ಬಿಟ್ಟು ಬೇರೆ ತಂಡದ ಬೆಂಚಿನಲ್ಲಿ ಕೂರುವುದೆಂದರೆ, ಪಕ್ಕದ ಮನೆಯವರು ನಮ್ಮ ಮನೆಯ ಅಡುಗೆಭಟ್ಟನನ್ನು ಕರೆದುಕೊಂಡು ಹೋಗಿ ನಮಗೇ ಊಟಕ್ಕೆ ಕರೆದ ಹಾಗೆ ಅನ್ನಿಸಿತ್ತು.

ಇಷ್ಟು ಸಂಕಟಪಡುವುದಕ್ಕೆ ಪಶ್ಚಿಮ ಬೆಂಗಳೂರಿನವರಿಗೆ ಫುಟ್‌ಬಾಲ್ ಏನು ಹುಟ್ಟಿನಿಂದ ಬಂದದ್ದಲ್ಲ. ಈ ಊರಿನಲ್ಲಿ ಕಾಲ್ಚೆಂಡು ಪೂರ್ವದ ಆಟ, ದಂಡಿನ ಆಟ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಕಡೆ ಹುಡುಗರು ನಡೆಯುವುದಕ್ಕೆ ಮುಂಚೆ ಚೆಂಡು ಒದೆಯುತ್ತಾರೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ. ಬ್ರೆಜಿಲ್ ಎಲ್ಲಿ, ಗೌತಮಪುರ ಎಲ್ಲಿ! ಮೊದಲು ಬ್ರಿಟಿಷ್ ಸೈನಿಕ ತಂಡಗಳದ್ದೇ ಆಗಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, 1938ರಲ್ಲಿ ಮತ್ತೆ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಆಮೇಲೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ಕಾಲ. ಪರ್ಮನೆಂಟ್ ನೌಕರಿ ಕೊಟ್ಟ ಕಡೆ ಆಟಗಾರ ಹೋಗುತ್ತಿದ್ದ, ಅದನ್ನು ದ್ರೋಹ ಅಂತ ಯಾರೂ ಕರೆಯುತ್ತಿರಲಿಲ್ಲ. ಹೆಣ್ಣು ಕೊಡುವವರೂ ಕೇಳುತ್ತಿದ್ದದ್ದು ಅದನ್ನೇ.

ಇತ್ತ ವಿಜಯನಗರ, ರಾಜಾಜಿನಗರದಲ್ಲಿ ಕ್ರಿಕೆಟ್ಟು, ಕಬಡ್ಡಿ, ರಾಜ್‌ಕುಮಾರ್. 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿ ಹುಟ್ಟುಹಾಕಿದಾಗ ಅತ್ತಿಗುಪ್ಪೆಯವನು ಮೊದಲ ಪಂದ್ಯಕ್ಕೆ ಹೋದದ್ದು ಕುತೂಹಲಕ್ಕಷ್ಟೇ. ಸೆಪ್ಟೆಂಬರ್ 22, ಅಶೋಕನಗರದ ಫುಟ್‌ಬಾಲ್ ಮೈದಾನ, ಎದುರಿಗೆ ಮೋಹನ್ ಬಾಗನ್. ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಮೇಯೋ ಹಾಲ್‌ಗೆ ಇನ್ನೊಂದು. ಪಂದ್ಯ 1-1. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಅಪರಿಚಿತನೊಬ್ಬ ಇವನ ಹೆಗಲು ಹಿಡಿದು ಕುಣಿದ. ವಾಪಸ್ ಬರುವಾಗ ಗಂಟಲು ಕಟ್ಟಿತ್ತು.

ಮುಂದಿನ ಋತುವಿಗೆ ಪಂದ್ಯಗಳು ಕಸ್ತೂರಬಾ ರಸ್ತೆಯ ಕಂಠೀರವಕ್ಕೆ ಬಂದವು. ಪಶ್ಚಿಮದವರಿಗೆ ಇಲ್ಲೊಂದು ಫಜೀತಿ. ಆಟೊದವರಿಗೆ "ಕಂಠೀರವ" ಅಂದರೆ ಸೀದಾ ರಿಂಗ್ ರೋಡು ಹತ್ತಿ, ಅಣ್ಣಾವ್ರ ಸಮಾಧಿ ಇರುವ ಕಂಠೀರವ ಸ್ಟುಡಿಯೋ ಕಡೆ ತಿರುಗಿಸುತ್ತಿದ್ದರು. ನೀಲಿ ಅಂಗಿ ಹಾಕಿಕೊಂಡವನನ್ನು ಮೇಲಿಂದ ಕೆಳಗೆ ನೋಡಿ, "ಸ್ಟುಡಿಯೋನಾ, ಸ್ಟೇಡಿಯಮ್ಮಾ?" ಅಂತ ಕೇಳುವವರು ಅನುಭವಸ್ಥರು. ನಾಲ್ವರೂ ಕೂರುತ್ತಿದ್ದದ್ದು ವೆಸ್ಟ್ ಬ್ಲಾಕ್‌ನಲ್ಲಿ. ಅಲ್ಲಿನ ಅಭಿಮಾನಿಗಳ ಬಳಗಕ್ಕೆ ವೆಸ್ಟ್ ಬ್ಲಾಕ್ ಬ್ಲೂಸ್ ಅಂತಲೇ ಹೆಸರು. "ನಾವು ಡಬ್ಬಲ್ ವೆಸ್ಟು" ಅನ್ನುವುದು ಕೆಂಗೇರಿಯವನ ಹಳೇ ಜೋಕು, ಈಗಲೂ ಬಿಟ್ಟಿಲ್ಲ.

ಇನ್ನು ಕೋಚ್ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದು, ಇಂಗ್ಲೆಂಡಿನ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಡಿಫೆಂಡರ್ ಆಗಿ ಸವೆದು ಬಂದ ಮನುಷ್ಯ. ಬಂದವರೇ ಆಟಗಾರರ ತಟ್ಟೆಗೆ ಕೈ ಹಾಕಿದರು. ಏನು ತಿನ್ನಬೇಕು, ಎಷ್ಟು ಓಡಬೇಕು, ಎಷ್ಟು ಹೊತ್ತು ಮಲಗಬೇಕು, ಎಲ್ಲಕ್ಕೂ ಲೆಕ್ಕ. ಪಂದ್ಯ ನಡೆಯುವಾಗ ಗೆರೆಯಂಚಿನಲ್ಲಿ ನಿಂತು ಕೂಗಿದ್ದು ವೆಸ್ಟ್ ಬ್ಲಾಕ್‌ಗೂ ಕೇಳಿಸುತ್ತಿತ್ತು. ಹೊಸ ಕ್ಲಬ್ಬು ಮೊದಲ ವರ್ಷವೇ ಐ-ಲೀಗ್ ಗೆದ್ದಿತು: 2014ರ ಏಪ್ರಿಲ್ 21ರಂದು ಗೋವಾದ ಫಟೋರ್ಡಾದಲ್ಲಿ ಡೆಂಪೊ ವಿರುದ್ಧ 4-2. ಮರುವರ್ಷ ಜನವರಿಯಲ್ಲಿ ಅದೇ ಮೈದಾನದಲ್ಲಿ ಅದೇ ಡೆಂಪೊವನ್ನು ಸೋಲಿಸಿ ಫೆಡರೇಷನ್ ಕಪ್.

ಆದರೆ ಅತ್ತಿಗುಪ್ಪೆಯವನು ವೆಸ್ಟ್‌ವುಡ್‌ಗೆ ಅಂಟಿಕೊಂಡದ್ದು ಗೆದ್ದ ದಿನ ಅಲ್ಲ. 2015ರ ಮೇ 31, ಭಾನುವಾರ. ಲೀಗಿನ ಕೊನೆಯ ಪಂದ್ಯ, ಕಂಠೀರವ ತುಂಬಿ ತುಳುಕುತ್ತಿತ್ತು. ಮೋಹನ್ ಬಾಗನ್‌ಗೆ ಡ್ರಾ ಸಾಕು, ಬೆಂಗಳೂರು ಗೆಲ್ಲಲೇಬೇಕು. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು. ಅಲ್ಲಿಂದ ಮುಂದೆ ಅವನು ಆಟ ನೋಡಲಿಲ್ಲ, ಗಡಿಯಾರ ನೋಡಿದ. 87ನೇ ನಿಮಿಷಕ್ಕೆ ಕಾರ್ನರ್ ಬಂತು, ಬೆಲ್ಲೊ ರಜಾಕ್ ತಲೆ ಕೊಟ್ಟರು. ಮೂರು ನಿಮಿಷ ಉಳಿದಿತ್ತು! ಹದಿಮೂರು ವರ್ಷದ ಮೇಲೆ ಪ್ರಶಸ್ತಿ ಸಿಕ್ಕ ಬಾಗನ್‌ನವರು ಅಳುತ್ತಾ ಕುಣಿಯುತ್ತಿದ್ದರೆ ಇವನು ಸಿಮೆಂಟಿನ ಮೆಟ್ಟಿಲ ಮೇಲೆ ಕೂತೇ ಇದ್ದ. ಅವನಿಗೆ ನೆನಪಿರುವುದು ತೀರ ಸಣ್ಣ ಸಂಗತಿ. ಮುಂದಿನ ಸಾಲಿನಲ್ಲಿ ಯಾರೋ ಬಿಟ್ಟುಹೋದ ಕಡಲೆಕಾಯಿ ಪೊಟ್ಟಣ, ಅದರ ಮೇಲೆ ನೀಲಿ ಬಣ್ಣ ಬಳಿದುಕೊಂಡ ಕೈಯ ಐದು ಬೆರಳಿನ ಗುರುತು. ಮುಂದಿನ ವರ್ಷ ಏಪ್ರಿಲ್ 17ಕ್ಕೆ ಅದೇ ಮೈದಾನದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2-0ಯಿಂದ ಸೋಲಿಸಿ ವೆಸ್ಟ್‌ವುಡ್ ಲೀಗನ್ನು ವಾಪಸ್ ತಂದುಕೊಟ್ಟರು. ಒಂದು ತಿಂಗಳಾಯಿತೋ ಇಲ್ಲವೋ, ದರ್ಶಿನಿಯ ಮುಂದೆ ಈ ಮಾತು: ಹೋಗ್ತಾನಂತೆ.

ಭಯಕ್ಕೆ ಇನ್ನೊಂದು ಕಾರಣವಿತ್ತು. ಆ ವರ್ಷಗಳಲ್ಲಿ ದೇಶದ ಫುಟ್‌ಬಾಲ್ ಎರಡು ಮನೆಯ ಸಂಸಾರ. ಇತ್ತ ಐ-ಲೀಗ್, ಅತ್ತ 2014ರಲ್ಲಿ ಶುರುವಾದ ಐಎಸ್‌ಎಲ್. ಬೆಂಗಳೂರು ಆಡುತ್ತಿದ್ದದ್ದು ಐ-ಲೀಗ್‌ನಲ್ಲಿ. 2015ರ ಹರಾಜಿನಲ್ಲಿ ಕ್ಯಾಪ್ಟನ್ ಸುನಿಲ್ ಛೆಟ್ರಿಯನ್ನು ಮುಂಬೈ ಸಿಟಿ 1.20 ಕೋಟಿ ರೂಪಾಯಿಗೆ, ಯೂಜಿನ್‌ಸನ್ ಲಿಂಗ್ಡೋ ಅವರನ್ನು ಪುಣೆ 1.05 ಕೋಟಿಗೆ ಕೊಂಡುಕೊಂಡಿತು. ವರ್ಷದಲ್ಲಿ ಮೂರು ತಿಂಗಳು ನಮ್ಮ ಕ್ಯಾಪ್ಟನ್ನು ಮುಂಬೈ ಅಂಗಿಯಲ್ಲಿ! ಟಿವಿಯಲ್ಲಿ ಅದನ್ನು ನೋಡುವಾಗ ಏನು ಮಾಡಬೇಕೆಂದು ತಿಳಿಯದೆ ಅತ್ತಿಗುಪ್ಪೆಯವನು ಛೆಟ್ರಿ ಗೋಲು ಹೊಡೆದರೆ ಖುಷಿಪಡುವುದು, ಮುಂಬೈ ಗೆದ್ದರೆ ಮುಖ ಗಂಟಿಕ್ಕುವುದು ಅಂತ ಒಪ್ಪಂದ ಮಾಡಿಕೊಂಡಿದ್ದ. ಆಟಗಾರರೆಲ್ಲ ಹೀಗೆ ಎರವಲು ಹೋಗುವಾಗ ಎಲ್ಲಿಗೂ ಹೋಗದೆ ಉಳಿಯುತ್ತಿದ್ದವರು ಕೋಚ್ ಒಬ್ಬರೇ. ಅದಕ್ಕೇ ಅವರೇ ಕ್ಲಬ್ಬು ಅನ್ನಿಸಿಬಿಟ್ಟಿತ್ತೋ ಏನೋ.

ಬೇಸಿಗೆ ಮುಗಿಯುವಷ್ಟರಲ್ಲಿ ವೆಸ್ಟ್‌ವುಡ್ ಹೊರಟರು. ಗೋವಾಕ್ಕೂ ಹೋಗಲಿಲ್ಲ, ಕೋಲ್ಕತ್ತಾಕ್ಕೂ ಹೋಗಲಿಲ್ಲ. ಹೋದದ್ದು ಮಲೇಷ್ಯಾದ ಪೆನಾಂಗ್‌ಗೆ. ಪೆನಾಂಗ್ ಎಲ್ಲಿದೆ ಅಂತ ನಾಲ್ವರೂ ಫೋನಿನಲ್ಲಿ ಹುಡುಕಿದರು. ದೋಸೆಯ ಮಾತೆತ್ತಿದರೆ ಬಸವೇಶ್ವರನಗರದವನು, "ಎದುರಾಳಿ ಟೀಮಿಗೆ ಹೋದ್ರೆ ತಾನೇ ಬೆಟ್ಟು" ಅಂತ ಜಾರಿಕೊಂಡ.

ಮರೆತದ್ದು ಎಷ್ಟು ಬೇಗ ಅಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ. ಜುಲೈನಲ್ಲಿ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು. ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ, ಹಿಂದಿನ ವರ್ಷದ ಎಎಫ್‌ಸಿ ಕಪ್ ಗೆದ್ದಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿದರು. ಛೆಟ್ರಿ ಎರಡು, ಹುವಾನನ್ ಒಂದು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬು ಬೆಂಗಳೂರು. ದೋಹಾದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 1-0ಯಲ್ಲಿ ಸೋತದ್ದು ಬೇರೆ ಮಾತು. ಆ ಏಪ್ರಿಲ್ ಕೊನೆಗೆ ಮೈಸೂರು ರಸ್ತೆಯವರೆಗೆ ನೇರಳೆ ಮೆಟ್ರೊ ಪೂರ್ತಿ ತೆರೆದಿತ್ತು. ಜೊಹೊರ್ ಪಂದ್ಯ ಮುಗಿಸಿ ಕಬ್ಬನ್ ಪಾರ್ಕಿನಲ್ಲಿ ಹತ್ತಿದರೆ ಅತ್ತಿಗುಪ್ಪೆಗೆ ಒಂದೇ ರೈಲು. ಕೆಂಗೇರಿಯವನು ಮಾತ್ರ ಮೈಸೂರು ರಸ್ತೆಯಲ್ಲಿ ಇಳಿದು ಬಸ್ಸು ಕಾಯಬೇಕು. ಅವನ ಊರಿಗೆ ಮೆಟ್ರೊ ಬರಲು 2021ರ ಆಗಸ್ಟ್ ಆಯಿತು. ಅಷ್ಟು ದೂರದ ಹರಟೆಯಲ್ಲಿ ವೆಸ್ಟ್‌ವುಡ್ ಹೆಸರು ಒಂದು ಸಲವೂ ಬರಲಿಲ್ಲ.

ಗಾಳಿಸುದ್ದಿ ನಿಜವಾಗಲು ಮತ್ತೊಂದು ವರ್ಷ ಬೇಕಾಯಿತು. 2017ರಲ್ಲಿ ವೆಸ್ಟ್‌ವುಡ್ ಕೋಲ್ಕತ್ತಾದ ಎಟಿಕೆ ಸೇರಿದರು, ಟೆಕ್ನಿಕಲ್ ಡೈರೆಕ್ಟರ್ ಆಗಿ. ಮುಂದಿನ ಜನವರಿಯಲ್ಲಿ ಟೆಡ್ಡಿ ಶೆರಿಂಗ್ಹಮ್ ಅವರನ್ನು ತೆಗೆದಾಗ ತಂಡದ ಹೊಣೆ ಇವರ ಹೆಗಲಿಗೆ ಬಂತು. ಬೆಂಗಳೂರು ಆಗಲೇ ಐಎಸ್‌ಎಲ್‌ಗೆ ಬಂದಿತ್ತು. 2018ರ ಫೆಬ್ರವರಿ 3ರಂದು ಕೋಲ್ಕತ್ತಾದಲ್ಲಿ ಹಳೆಯ ಕೋಚ್ ಎದುರಿಗೆ ನಿಂತಿದ್ದರು, ಬೆಂಗಳೂರು 2-0 ಗೆದ್ದಿತು. ಎರಡು ವರ್ಷದ ಹಿಂದೆ ಯಾವುದನ್ನು ನೆನೆಸಿ ಕಾಫಿ ಇಳಿದಿರಲಿಲ್ಲವೋ ಅದೇ ದೃಶ್ಯ. ಅತ್ತಿಗುಪ್ಪೆಯವನು ಟಿವಿ ಮುಂದೆ ಉಪ್ಪಿಟ್ಟು ತಿನ್ನುತ್ತಾ ನೋಡಿದ, ಎರಡನೇ ಸಲ ಬಡಿಸಿಕೊಂಡ.

ಭಾವ ನಗುತ್ತಿದ್ದದ್ದು ಯಾಕೆಂದು ಅವನಿಗೆ ಆಮೇಲೆ ಗೊತ್ತಾಯಿತು. ಅವರು ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ ತೊಂಬತ್ತರ ದಶಕದಲ್ಲಿ ಕೋಲ್ಕತ್ತಾದಲ್ಲಿದ್ದವರು. ಅಲ್ಲಿ ಕೋಚ್ ಎದುರು ಮನೆಗೆ ಹೋಗುವುದು ವರ್ಷಾಂತಿಕದ ಹಾಗೆ, ಬರುತ್ತಲೇ ಇರುತ್ತದೆ. 1975ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಾಗನ್ ಮೇಲೆ ಈಸ್ಟ್ ಬೆಂಗಾಲ್ 5-0 ಗೆದ್ದಾಗ ಕೋಚ್ ಪಿ.ಕೆ. ಬ್ಯಾನರ್ಜಿ. ಮರುವರ್ಷವೇ ಅದೇ ಪಿ.ಕೆ. ಬಾಗನ್‌ಗೆ ಹೋದರು, ಐದು ಗೋಲು ತಿಂದವರು ಕರೆದು ಕೂರಿಸಿಕೊಂಡರು. ಅಮಲ್ ದತ್ತ ಎರಡೂ ಮನೆಯ ಉಪ್ಪು ತಿಂದವರು. 1997ರ ಜುಲೈ 13, ಫೆಡರೇಷನ್ ಕಪ್ ಸೆಮಿಫೈನಲ್. ಸಾಲ್ಟ್ ಲೇಕ್‌ನಲ್ಲಿ 1,31,000 ಜನ. ಬಾಗನ್ ಕಡೆ ಅಮಲ್ ದತ್ತ, ಅವರ ಹೆಸರಾಂತ 'ಡೈಮಂಡ್' ವ್ಯೂಹ. ಈಸ್ಟ್ ಬೆಂಗಾಲ್ ಕಡೆ ಪಿ.ಕೆ. ಪಂದ್ಯಕ್ಕೆ ಮುಂಚೆ ಅಮಲ್ ದತ್ತ ಎದುರಾಳಿ ಡಿಫೆಂಡರ್ ಒಮೊಲೊ ಅವರನ್ನು 'ಆಮ್ಲೆಟ್' ಅಂತ ಹಂಗಿಸಿದ್ದರು. ಈಸ್ಟ್ ಬೆಂಗಾಲ್ 4-1, ಬೈಚುಂಗ್ ಭುಟಿಯಾ ಹ್ಯಾಟ್ರಿಕ್. "ಅಲ್ಲಿ ಜನ ಕೋಚ್‌ಗೆ ಬೈತಾರೆ, ಆದ್ರೆ ಹೋದ ಅಂತ ಆಶ್ಚರ್ಯ ಪಡಲ್ಲ ಕಣಪ್ಪ," ಅಂದರು ಭಾವ. "ನೀವಿನ್ನೂ ಹೊಸಬರು."

ನಿಜ. ನಮ್ಮದೇ ಕಬಡ್ಡಿಯನ್ನು ನೋಡಿ. ಕನ್ನಡಿಗ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಗೆಲ್ಲಿಸಿಕೊಟ್ಟು, 2025ರಲ್ಲಿ ಬೆಂಗಳೂರು ಬುಲ್ಸ್ ಕೋಚ್ ಆದರು. ರಾಜಾಜಿನಗರದಲ್ಲಿ ಅದಕ್ಕೆ ಹುಬ್ಬೇರಿಸಿದವರು ಒಬ್ಬರೂ ಸಿಗಲಿಲ್ಲ. "ಒಳ್ಳೇದಾಯ್ತು ಬಿಡಿ, ಮನೆಗೆ ಬಂದ್ರು" ಅಂದರು, ಅಷ್ಟೆ.

ರೋಕಾ ಕಥೆ ಇದಕ್ಕಿಂತ ವಿಚಿತ್ರ. 2018ರಲ್ಲಿ ಬೆಂಗಳೂರು ಬಿಟ್ಟವರು 2020ರ ಜನವರಿಯಲ್ಲಿ ಹೈದರಾಬಾದ್ ತಂಡ ಒಪ್ಪಿಕೊಂಡರು. ಗೆಳೆಯರ ಗುಂಪಿನಲ್ಲಿ ಮತ್ತೆ ಅದೇ ಗೊಣಗಾಟ. ಆದರೆ ಲೀಗ್ ಶುರುವಾಗುವ ಮುಂಚೆಯೇ ಬಾರ್ಸಿಲೋನಾದಿಂದ ಕರೆ ಬಂದು, ಹೊಸ ಋತುವಿನ ಒಂದು ಪಂದ್ಯವನ್ನೂ ಆಡಿಸದೆ ವಾಪಸ್ ಹೋದರು. ಅವರ ಜಾಗಕ್ಕೆ ಬಂದ ಮನೋಲೊ ಮಾರ್ಕೆಜ್ 2022ರಲ್ಲಿ ಹೈದರಾಬಾದ್‌ಗೆ ಐಎಸ್‌ಎಲ್ ಗೆಲ್ಲಿಸಿಕೊಟ್ಟರು. ಕೋಚ್ ಹೋದರೆ ನಷ್ಟ ಯಾರಿಗೆ, ಲಾಭ ಯಾರಿಗೆ ಅಂತ ದರ್ಶಿನಿಯ ಮೇಜಿನ ಮೇಲೆ ಲೆಕ್ಕ ಹಾಕುವುದನ್ನು ಅತ್ತಿಗುಪ್ಪೆಯವನು ಬಿಟ್ಟದ್ದು ಆಗಲೇ.

ಬಿಟ್ಟೆ ಅಂದುಕೊಂಡಿದ್ದ. ಕಾರ್ಲೆಸ್ ಕ್ವಾಡ್ರಾಟ್ ವಿಷಯದಲ್ಲಿ ಅದು ಆಗಲಿಲ್ಲ.

ಕ್ವಾಡ್ರಾಟ್ ಮೊದಲು ರೋಕಾಗೆ ಸಹಾಯಕರು, 2018ರಿಂದ ಮುಖ್ಯ ಕೋಚ್. ಹಿಂದಿನ ಋತುವಿನ ಫೈನಲ್‌ನಲ್ಲಿ ಕಂಠೀರವದಲ್ಲೇ ಚೆನ್ನೈಯಿನ್‌ಗೆ 3-2ರಲ್ಲಿ ಸೋತ ಗಾಯ ಇನ್ನೂ ಹಸಿಯಾಗಿತ್ತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಆಟದ ಕೊನೆಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿಗೆ ಐಎಸ್‌ಎಲ್ ಕಪ್ಪು ಬೆಂಗಳೂರಿಗೆ ಬಂತು. ಆಮೇಲೆ ಕೋವಿಡ್. 2020-21ರ ಇಡೀ ಲೀಗ್ ಗೋವಾದಲ್ಲಿ, ಬಾಗಿಲು ಮುಚ್ಚಿದ ಮೈದಾನಗಳಲ್ಲಿ ನಡೆಯಿತು. ಸತತ ಮೂರು ಸೋಲು, ಕೊನೆಯದು ಮುಂಬೈ ಎದುರು 3-1. ಮಾರನೇ ದಿನ, 2021ರ ಜನವರಿ 6ಕ್ಕೆ, ಕ್ವಾಡ್ರಾಟ್ ಹೊರಗೆ.

ಈ ಸಲ ಗಾಳಿಸುದ್ದಿಗೆ ಪುರುಸೊತ್ತೇ ಇರಲಿಲ್ಲ. ದರ್ಶಿನಿಯಲ್ಲಿ ನಿಲ್ಲುವುದಕ್ಕೂ ಜನ ಹೆದರುತ್ತಿದ್ದ ಕಾಲ. ಕಂಠೀರವಕ್ಕೆ ಬೀಗ. ಕಪ್ಪು ತಂದುಕೊಟ್ಟ ಮನುಷ್ಯನಿಗೆ ವೆಸ್ಟ್ ಬ್ಲಾಕ್ ಎದ್ದು ನಿಂತು ಕೈ ಬೀಸಲೂ ಆಗಲಿಲ್ಲ. ಬಸ್ ಸ್ಟ್ಯಾಂಡಿಗೂ ಹೋಗದೆ ಮನೆಯ ಮಗನನ್ನು ಊರಿಗೆ ಕಳಿಸಿದ ಹಾಗೆ. ಮುಂದೆ 2023ರ ಏಪ್ರಿಲ್‌ನಲ್ಲಿ ಈಸ್ಟ್ ಬೆಂಗಾಲ್ ಅವರನ್ನು ಕೋಚ್ ಮಾಡಿಕೊಂಡಿತು ಅನ್ನುವ ಸುದ್ದಿ ಬಂದಾಗ ಕೆಂಗೇರಿಯವನು ಕೊಟ್ಟ ಉತ್ತರ ಒಂದೇ ಸಾಲು: "ಕಂಠೀರವಕ್ಕೆ ಬರ್ತಾರಲ್ಲ, ಬರ್ಲಿ."

ಬಂದರು. ಅಕ್ಟೋಬರ್ 4, ಬುಧವಾರ. ನಾಲ್ವರೂ ಏಳೂವರೆಗೇ ಹೋಗಿ ಕೂತರು. ಬಸವೇಶ್ವರನಗರದವನು ಬಾಯ್ತುಂಬ ಕೂಗಲು ತಯಾರಾಗಿದ್ದ, ಗಂಟಲಿಗೆ ಮೆಣಸಿನ ಪೆಪ್ಪರ್‌ಮಿಂಟು ಬೇರೆ. ಎದುರು ಬೆಂಚಿನ ಮುಂದೆ ಕ್ವಾಡ್ರಾಟ್ ಬಂದು ನಿಂತರು. ಮೈಮೇಲೆ ನೀಲಿ ಇಲ್ಲ, ನಿಲ್ಲುವ ಭಂಗಿ ಮಾತ್ರ ಅದೇ. ಅತ್ತಿಗುಪ್ಪೆಯವನಿಗೆ ತಾನು ಏನು ಮಾಡುತ್ತೇನೆ ಅಂತ ಕೊನೆಗಳಿಗೆಯವರೆಗೂ ಗೊತ್ತಿರಲಿಲ್ಲ. ಕೈ ತಾವೇ ಚಪ್ಪಾಳೆ ತಟ್ಟಿದವು. ಎರಡು ಮುಕ್ಕಾಲು ವರ್ಷ ತಡವಾಗಿ. ತಿರುಗಿ ನೋಡಿದರೆ ಪೆಪ್ಪರ್‌ಮಿಂಟಿನವನೂ ತಟ್ಟುತ್ತಿದ್ದ, ಮುಖ ಮಾತ್ರ ಬೇರೆ ಕಡೆ ತಿರುಗಿಸಿಕೊಂಡು. ಅದಾದ ಮೇಲೆ ತೊಂಬತ್ತು ನಿಮಿಷ ಚೆನ್ನಾಗಿಯೇ ಬೈದರು ಅನ್ನಿ. ಮಹೇಶ್ ಸಿಂಗ್ ಗೋಲಿನಿಂದ ಈಸ್ಟ್ ಬೆಂಗಾಲ್ ಮುಂದೆ ಹೋಯಿತು, ಛೆಟ್ರಿ ಪೆನಾಲ್ಟಿಯಿಂದ ಸಮ ಮಾಡಿದರು, ಹಾವಿ ಹೆರ್ನಾಂಡೆಜ್ ಗಾಳಿಯಲ್ಲಿ ಬೆನ್ನಡಿಯಾಗಿ ತೇಲಿ ಒದ್ದ ಚೆಂಡು 2-1 ಮಾಡಿತು.

ನಾಲ್ಕು ತಿಂಗಳಾಗುವ ಮುಂಚೆಯೇ, 2024ರ ಜನವರಿ 28ರಂದು, ಅದೇ ಕ್ವಾಡ್ರಾಟ್ ಭುವನೇಶ್ವರದಲ್ಲಿ ಒಡಿಶಾವನ್ನು 3-2ರಿಂದ ಸೋಲಿಸಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆಲ್ಲಿಸಿದರು. ಆ ಕ್ಲಬ್ಬಿಗೆ ಹನ್ನೆರಡು ವರ್ಷದ ಮೇಲೆ ರಾಷ್ಟ್ರಮಟ್ಟದ ಪ್ರಶಸ್ತಿ. ಗೆಲುವಿನ ಗೋಲು ಕ್ಲೇಟನ್ ಸಿಲ್ವಾ ಅವರದು, ಅವರೂ ನಮ್ಮ ಮನೆಯಲ್ಲಿದ್ದವರೇ. ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ ಬೆಂಗಳೂರನ್ನೂ 2-1ರಿಂದ ಸೋಲಿಸಿದರು. ಮತ್ತೆ ಸೆಪ್ಟೆಂಬರ್ 14ಕ್ಕೆ ಕಂಠೀರವಕ್ಕೆ ಬಂದಾಗ ಹತ್ತೊಂಬತ್ತರ ಹುಡುಗ ವಿನೀತ್ ವೆಂಕಟೇಶ್ ಹೊಡೆದ ಒಂದೇ ಗೋಲಿಗೆ ಸೋತರು. ಇನ್ನೆರಡು ಸೋಲು, ಸೆಪ್ಟೆಂಬರ್ 30ಕ್ಕೆ ರಾಜೀನಾಮೆ. ಆ ರಾತ್ರಿ ಅತ್ತಿಗುಪ್ಪೆಯವನಿಗೆ ಯಾಕೋ ಬೇಜಾರಾಯಿತು. ಎದುರಾಳಿಯ ಕೋಚ್ ಹೋದರೆ ಬೇಜಾರಾಗುವುದು ಯಾವ ಪುಸ್ತಕದಲ್ಲಿದೆ?

ವೆಸ್ಟ್‌ವುಡ್ ಕಥೆ ಮುಗಿದಿರಲಿಲ್ಲ. ಅವರು ಪಂಜಾಬ್, ರಾಜಸ್ಥಾನ ತಂಡಗಳನ್ನು ಸುತ್ತಿ ಅಫ್ಗಾನಿಸ್ತಾನದ ಕೋಚ್ ಆಗಿದ್ದರು. 2024ರ ಮಾರ್ಚ್ 26, ಗುವಾಹಟಿ, ವಿಶ್ವಕಪ್ ಅರ್ಹತಾ ಪಂದ್ಯ. ಛೆಟ್ರಿಗೆ 150ನೇ ಅಂತರರಾಷ್ಟ್ರೀಯ ಪಂದ್ಯ. ಹಳೆಯ ಕ್ಯಾಪ್ಟನ್ನು ಒಂದು ಕಡೆ, ಹಳೆಯ ಕೋಚ್ ಇನ್ನೊಂದು ಕಡೆ. ಛೆಟ್ರಿ ಪೆನಾಲ್ಟಿಯಿಂದ ಗೋಲು ಹೊಡೆದರೂ 88ನೇ ನಿಮಿಷದ ಪೆನಾಲ್ಟಿಯಿಂದ ಅಫ್ಗಾನಿಸ್ತಾನ 2-1 ಗೆದ್ದಿತು. ಎಂಟು ವರ್ಷದ ಹಿಂದೆ ಗೋವಾವೋ ಕೋಲ್ಕತ್ತಾವೋ ಅಂತ ಜಗಳವಾಡಿದವರಿಗೆ ಕಾಬೂಲ್ ಹೊಳೆದಿರಲಿಲ್ಲ.

ಅದು ಸಾಲದೆಂಬಂತೆ 2025ರ ಜೂನ್ 10. ವೆಸ್ಟ್‌ವುಡ್ ಆಗ ಹಾಂಗ್‌ಕಾಂಗ್ ಕೋಚ್. ಭಾರತದ ಬೆಂಚಿನಲ್ಲಿ ಮನೋಲೊ ಮಾರ್ಕೆಜ್, ರೋಕಾ ಬಿಟ್ಟುಹೋದ ಕುರ್ಚಿಯಲ್ಲಿ ಕೂತು ಮೇಲೆ ಬಂದ ಅದೇ ಮನೋಲೊ. ನಿವೃತ್ತಿಯಿಂದ ಹಿಂದಿರುಗಿದ್ದ ಛೆಟ್ರಿ ಬದಲಿ ಆಟಗಾರ. ಕೈ ಟಕ್ ಮೈದಾನದ ಪಂದ್ಯವನ್ನು ನಾಲ್ವರೂ ದರ್ಶಿನಿಯ ಮುಂದೆ ಒಂದೇ ಫೋನಿನಲ್ಲಿ ನೋಡಿದರು, ಫೋನನ್ನು ಸ್ಟೀಲಿನ ನೀರಿನ ಜಗ್ಗಿಗೆ ಒರಗಿಸಿ. ಭಾವನಿಗೆ ಕನ್ನಡಕ ಬದಲಾಗಿತ್ತು, ಕಾಫಿ ಮಾತ್ರ ಇನ್ನೂ ಬೈಟು. 90 ನಿಮಿಷ ದಾಟಿದ ಮೇಲೆ ಹಾಂಗ್‌ಕಾಂಗ್‌ಗೆ ಪೆನಾಲ್ಟಿ. 1-0.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಬಸವೇಶ್ವರನಗರದವನು ಬಾಯಿ ಬಿಟ್ಟ. "ಅವತ್ತೇ ಹೇಳಿದ್ನೋ ಇಲ್ವೋ? ಇವನು ಎದುರಾಳಿ ಕಡೆ ಹೋಗ್ತಾನೆ ಅಂತ."

"ನೀನು ಹೇಳಿದ್ದು ಗೋವಾ," ಅಂದ ಕೆಂಗೇರಿಯವನು. "ಒಂಬತ್ತು ವರ್ಷ ಆಯ್ತು. ನಾಲ್ಕು ಮಸಾಲೆ."

"ನಂಗೆ ಸಾದಾ ಸಾಕಪ್ಪ," ಅಂದರು ಭಾವ, ಲೋಟದ ತಳದ ಸಕ್ಕರೆ ಅಲ್ಲಾಡಿಸುತ್ತಾ. "ರಾತ್ರಿ ಹೊತ್ತು ಆಲೂಗಡ್ಡೆ ಆಗಲ್ಲ."